ಬೆದೆ ಸೂಜಿ ಯಾಕೆ ಒಮ್ಮೊಮ್ಮೆ ಹುಸಿಯಾಗುತ್ತೆ

ಕೋಲಾರದ ಕಡೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತವರ ಬಾಯಲ್ಲಿ ಹಾಲಿನ ರೇಟು ಬಿಟ್ಟರೆ ಇದೇ ಮಾತು: "ಬೆದೆಗೆ ಬರೋ ಸೂಜಿ ಹಾಕ್ಸಿದ್ವಿ, ಸೀಮೆಹಸು ಬೆದೆಗೆ ಬರ್ಲೇ ಇಲ್ಲ." ಬೈಗುಳ ಔಷಧಿಗೋ ಹಾಕಿದವರಿಗೋ ಬೀಳುತ್ತೆ. ಬಹಳ ಸಲ ಕೈಕೊಟ್ಟಿರುವುದು ದಿನದ ಲೆಕ್ಕ.

ಹಸುವಿನ ಚಕ್ರ ಸುಮಾರು 21 ದಿನ. 18ರಿಂದ 24ರವರೆಗೆ ಹಿಂದೆ ಮುಂದೆ ಆಗುತ್ತೆ. ಬೆದೆ ಇಳಿದು ಹತ್ತು ಹನ್ನೆರಡು ಗಂಟೆಗೆ ಅಂಡ ಬಿಡುಗಡೆ. ಅದು ಒಡೆದು ಬಂದ ಜಾಗದಲ್ಲೇ ಅಂಡಾಶಯದ ಮೇಲೆ ಹಳದಿ ಗಂಟೊಂದು ಬೆಳೆಯುತ್ತೆ, ಡಾಕ್ಟರು ಸಿ.ಎಲ್. ಅನ್ನುವುದು ಇದಕ್ಕೇ. ಇದು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಸುರಿಸುವಷ್ಟು ದಿನವೂ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್, ಅಂದರೆ ಅಂಡ ಬಿಡಿಸುವ ಹಾರ್ಮೋನು, ಜೋರಾಗಿ ನುಗ್ಗಲ್ಲ. ಅಂಡ ಹೊತ್ತ ಗುಳ್ಳೆಗಳು ಬೆಳೆಯುತ್ತವೆ, ಬಾಡುತ್ತವೆ, ಒಡೆಯಲ್ಲ. ಗಬ್ಬದ ಹಸು ಬೆದೆಗೆ ಬಾರದಿರುವುದು ಇದರಿಂದಲೇ. ಹೆಂಗಸರ ಗರ್ಭನಿರೋಧಕ ಮಾತ್ರೆ ಹಿಡಿಯುವುದೂ ಇದೇ ದಾರಿ. ಗಬ್ಬ ನಿಲ್ಲದಿದ್ದರೆ 16–17ನೇ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಅನ್ನುವ ಹಾರ್ಮೋನು ಬಿಟ್ಟು ಗಂಟನ್ನು ಕರಗಿಸುತ್ತೆ.

ಸೂಜಿಯಲ್ಲಿ ಇರುವುದೂ ಆ ಜಾತಿಯದೇ: ಕ್ಲೋಪ್ರೊಸ್ಟೆನಾಲ್ 500 ಮೈಕ್ರೋಗ್ರಾಂ, ಸಾಮಾನ್ಯವಾಗಿ 2 ಮಿ.ಲೀ., ಮಾಂಸಖಂಡಕ್ಕೆ. ಅದು ಬೆದೆ ತರಿಸಲ್ಲ, ಗಂಟು ಹಾಕಿದ ಬ್ರೇಕು ಬಿಡಿಸುತ್ತೆ ಅಷ್ಟೇ. ಬಲಿತ ಗಂಟಿದ್ದರೆ 2ರಿಂದ 5 ದಿನದಲ್ಲಿ ಬೆದೆ. ಐದು ದಿನ ತುಂಬದ ಎಳೆ ಗಂಟು ಈ ಔಷಧಿಗೆ ಬಗ್ಗಲ್ಲ.

ಬಾಲಕ್ಕೆ, ತೊಡೆಗೆ ರಕ್ತ ಮೆತ್ತಿರುವುದನ್ನು ನೋಡಿ "ಬೆದೆಗೆ ಬಂದಿದೆ" ಅಂತ ಓಡುವವರಿದ್ದಾರೆ. ಬೆದೆಯ ಲೋಳೆ ಗಾಜಿನ ಹಾಗೆ ತಿಳಿ, ದಾರದಂತೆ ಜೋಲುತ್ತೆ. ರಕ್ತ ಕಂಡಿತು ಅಂದರೆ ಬೆದೆ ಮುಗಿದು ಒಂದೆರಡು ದಿನ ಆಯಿತು. ಅವತ್ತು ಇನ್ಸೆಮಿನೇಷನ್ (ಕೃತಕ ಗರ್ಭಧಾರಣೆ) ಮಾಡಿಸಿದರೆ ವೀರ್ಯದ ಕಡ್ಡಿ ದಂಡ, ಬೆದೆ ಸೂಜಿ ಹಾಕಿಸಿದರೆ ಸೂಜಿಯೂ ದಂಡ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 16ನೇ ದಿನದಿಂದ ಬೆಳಗ್ಗೆ ಸಂಜೆ ಇಪ್ಪತ್ತು ನಿಮಿಷ ಹಸುವಿನ ಹಿಂದೆ ನಿಂತು ನೋಡಿ. ಇಡೀ ದಿನ ಕೊಟ್ಟಿಗೆಯಲ್ಲೇ ಕಟ್ಟಿದ ಹಸು ಯಾವುದರ ಮೇಲೂ ಹತ್ತಲ್ಲ, ಹತ್ತಿಸಿಕೊಳ್ಳಲ್ಲ. ಲೋಳೆ, ಕೂಗು, ಹಾಲು ಇಳಿಯುವುದು, ಇಷ್ಟೇ ಸುಳಿವು.

ಗಂಟೇ ಇಲ್ಲದ ಹಸುವಿನ ಕಥೆ ಬೇರೆ. ಕರು ಹಾಕಿ ಮೂರು ತಿಂಗಳು, ದಿನಕ್ಕೆ 20 ಲೀಟರ್ ಹಾಲು, ತಿನ್ನುವುದು ರಾಗಿಹುಲ್ಲು ಮತ್ತು ಒಂದಿಷ್ಟು ಬೂಸ. ಮೈಯ ಕೊಬ್ಬು ಕರಗಿ ಹಾಲಾಗುತ್ತಿರುವಾಗ ಮೆದುಳು ಎಲ್‌ಎಚ್ ಅನ್ನು ಬಿಗಿಹಿಡಿಯುತ್ತೆ. ಇದಕ್ಕೆ ಪ್ರೊಸ್ಟಗ್ಲಾಂಡಿನ್ ಹಾಕಿದರೆ ಕರಗಿಸಲು ಏನಿದೆ? ಮೊದಲು ಮೇವು, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಆಮೇಲೆ ಪ್ರೊಜೆಸ್ಟರಾನ್ ಸಾಧನ: ಯೋನಿಯೊಳಗೆ 7 ದಿನ ಇಟ್ಟು ತೆಗೆಯುವಂಥದ್ದು, ಸಿಡರ್ ಆದರೆ ಅದರಲ್ಲಿ 1.38 ಗ್ರಾಂ. ನಿಂತ ಗಾಡಿಗೆ ಬ್ರೇಕ್ ಹಾಕಿದ ಹಾಗೆ ಕಾಣುತ್ತೆ, ಆದರೆ ಪ್ರೊಜೆಸ್ಟರಾನ್ ಏರಿ ಇಳಿಯದಿದ್ದರೆ ಮೊದಲ ಬೆದೆ ಲಕ್ಷಣವೇ ತೋರದ ಮೂಕಬೆದೆಯಾಗಿ ಹೋಗುತ್ತೆ. ತೆಗೆದ ಮೇಲೆ ಎರಡು ಮೂರು ದಿನಕ್ಕೆ ಬೆದೆ.

ಬೆದೆ ನೋಡಲು ಆಗುವುದೇ ಇಲ್ಲ ಅನ್ನುವವರಿಗೆ ಓವ್‌ಸಿಂಕ್, ಅಂದರೆ ದಿನ ಗೊತ್ತುಮಾಡಿ ಸಾಲಾಗಿ ಸೂಜಿ ಹಾಕುವುದು. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನವರು ಪ್ರಕಟಿಸಿದ ಕ್ರಮ. ಸೋಮವಾರ ಬ್ಯುಸೆರೆಲಿನ್ (ಎಲ್‌ಎಚ್ ನುಗ್ಗಿಸಿ ಅಂಡ ಬಿಡಿಸುವ ಔಷಧಿ) 10 ಮೈಕ್ರೋಗ್ರಾಂ. ಮುಂದಿನ ಸೋಮವಾರ ಬೆಳಗ್ಗೆ 8ಕ್ಕೆ ಕ್ಲೋಪ್ರೊಸ್ಟೆನಾಲ್. ಬುಧವಾರ ಸಂಜೆ 4ಕ್ಕೆ ಮತ್ತೆ ಬ್ಯುಸೆರೆಲಿನ್. ಗುರುವಾರ ಬೆಳಗ್ಗೆ 8ಕ್ಕೆ, ಬೆದೆ ಕಾಣಲಿ ಬಿಡಲಿ, ಇನ್ಸೆಮಿನೇಷನ್. ಅಂಡ ಬಿಡುಗಡೆಯ ಹೊತ್ತನ್ನು ಇಲ್ಲಿ ಔಷಧಿಯೇ ನಿಗದಿ ಮಾಡುವುದರಿಂದ "ನಾಳೆ ಬರ್ತೀನಿ" ಅನ್ನುವುದು ನಡೆಯಲ್ಲ. ಹಾಗಿದ್ದೂ ಮೂರರಲ್ಲಿ ಒಂದು ಹಸು ಗಬ್ಬ ನಿಂತರೆ ಒಳ್ಳೆಯ ಫಲಿತಾಂಶವೇ. ಪಡ್ಡೆಗಳಲ್ಲಿ ಇದು ಅಷ್ಟು ಚೆನ್ನಾಗಿ ಹಿಡಿಯಲ್ಲ, ದುಡ್ಡು ಹಾಕಬೇಡಿ.

ಯಾವ ಸೂಜಿಗೂ ಮುಂಚೆ ಡಾಕ್ಟರಿಂದ ಕೈಹಾಕಿಸಿ ಗಬ್ಬ ನೋಡಿಸಲೇಬೇಕು. "ಬೆದೆಗೆ ಬರ್ತಿಲ್ಲ" ಅನ್ನುವ ಹಸು ಎರಡು ತಿಂಗಳ ಗಬ್ಬವೂ ಆಗಿರಬಹುದು; ಕ್ಲೋಪ್ರೊಸ್ಟೆನಾಲ್ ಬಿದ್ದರೆ ಕಂದು ಹಾಕುತ್ತೆ. ಹಸು ಹಿಡಿದು ನಿಲ್ಲುವುದು ಹೆಚ್ಚಾಗಿ ಮನೆಯ ಹೆಂಗಸರೇ ಆದ್ದರಿಂದ ಇನ್ನೊಂದು ಮಾತು: ಈ ಔಷಧಿ ಚರ್ಮದಿಂದಲೂ ಮೈಯೊಳಗೆ ಇಳಿಯುತ್ತೆ. ಬಸುರಿಯರು, ಆಸ್ತಮಾ ಇರುವವರು ಸೀಸೆ ಮುಟ್ಟಬಾರದು. ಬೇರೆಯವರ ಕೈಗೆ ಚೆಲ್ಲಿದರೂ ಆಗಲೇ ಸೋಪು ಹಾಕಿ ತೊಳೆಯಬೇಕು.