ಪೊರಕೆ ನೇತುಹಾಕಿದ ಮನೆಯ ವೈನ್

ಜರ್ಮನಿಯ ಸ್ಟುಟ್‌ಗಾರ್ಟ್ ಅಂದರೆ ನಮ್ಮ ಊರಿನ ಕಡೆ ಎಲ್ಲರಿಗೂ ನೆನಪಾಗುವುದು ಕಾರು. ಬೆಂಜ್ ಇಲ್ಲಿಯದು, ಪೋರ್ಷೆ ಇಲ್ಲಿಯದು. ನಮ್ಮ ಆಡುಗೋಡಿಯ ಮೈಕೋಗೆ ಮೂಲವಾದ ಬಾಷ್ ಕಂಪನಿಯೂ ಇಲ್ಲಿಯದೇ. ಈ ಕಾರುಗಳ ದಾರಿ ಹಿಡಿದೇ ಬೆಂಗಳೂರಿನಿಂದ ಇಲ್ಲಿಗೆ ಬಂದವರು ಬಹಳ ಜನ. ನಮ್ಮ ಮನೆಯವರೂ ಹಾಗೆ ಬಂದವರೇ. ಆದರೆ ಈ ಊರಿನ ನಡುವೆಯೇ ದ್ರಾಕ್ಷಿ ತೋಟಗಳಿವೆ ಅಂತ ನಮ್ಮ ಊರಿನ ಕಡೆ ಯಾರಿಗೂ ಗೊತ್ತಿಲ್ಲ. ದೊಡ್ಡ ರೈಲ್ವೆ ಸ್ಟೇಷನ್ನಿನ ಹತ್ತಿರ ನಿಂತು ತಲೆ ಎತ್ತಿದರೆ ಗುಡ್ಡದ ಮೇಲೆ ಸಾಲು ಸಾಲು ಬಳ್ಳಿ ಕಾಣುತ್ತದೆ. ಇಲ್ಲಿನ ನಗರಪಾಲಿಕೆಗೇ ಸ್ವಂತ ತೋಟಗಳಿವೆ, ಅದರ ಹೆಸರಿನಲ್ಲೇ ವೈನ್ ಮಾರಾಟವಾಗುತ್ತದೆ. ಪಾಲಿಕೆಯವರು ವೈನ್ ಮಾಡುತ್ತಾರೆ ಅಂದಾಗ ನಮ್ಮ ಮಾವ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ನಮ್ಮಲ್ಲಿ ವೈನ್ ಸ್ಟೋರ್ ಅಂತ ಬೋರ್ಡ್ ಹಾಕಿರುತ್ತಾರೆ. ಒಳಗೆ ಸಿಗುವುದೆಲ್ಲ ವಿಸ್ಕಿ, ರಮ್ಮು, ಬ್ರಾಂದಿ. ಅಸಲಿ ವೈನ್ ಬಾಟಲಿಗಳು ಯಾವುದೋ ಮೂಲೆಯಲ್ಲಿ ಧೂಳು ಹಿಡಿದು ಕೂತಿರುತ್ತವೆ. ಅದೂ ಹೊರದೇಶದ್ದಾದರೆ ಬೆಲೆ ಕೇಳಿಯೇ ವಾಪಸ್ ಬರಬೇಕು. ಇಷ್ಟು ವರ್ಷ ಭಾರತದಲ್ಲಿ ಹೊರಗಿನ ವೈನಿಗೆ ಆಮದು ಸುಂಕವೇ 150 ಶೇಕಡ, ಅದರ ಮೇಲೆ ರಾಜ್ಯದ ಅಬಕಾರಿ. ಹಾಗಾಗಿ ವೈನ್ ಅಂದರೆ ದುಡ್ಡಿದ್ದವರ ಶೋಕಿ, ಇಂಗ್ಲಿಷ್ ಮಾತಾಡುವ ಹೋಟೆಲಿನ ಸಾಮಾನು ಅನ್ನುವುದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಇಲ್ಲಿ ಅದು ದಿನಸಿ ಅಂಗಡಿಯ ಸಾಮಾನು. ಹಾಲು, ಬ್ರೆಡ್ಡು, ಈರುಳ್ಳಿಯ ಜೊತೆ ಅದೇ ಗಾಡಿಗೆ ಬೀಳುತ್ತದೆ. ಅಗ್ಗ ಯಾಕೆ ಅಂದರೆ, ಜರ್ಮನಿಯಲ್ಲಿ ಮಾಮೂಲಿ ವೈನಿಗೆ ಅಬಕಾರಿ ಸುಂಕವೇ ಇಲ್ಲ. ಸೊನ್ನೆ. ಬೇರೆ ಬಹಳಷ್ಟು ಸಾಮಾನುಗಳಿಗೆ ಇರುವ 19 ಶೇಕಡ ಮಾರಾಟ ತೆರಿಗೆ ಅಷ್ಟೇ. ನೊರೆ ಬರುವ ವೈನಿಗೆ, ಅಂದರೆ ಇವರು ಸೆಕ್ಟ್ ಅನ್ನುವುದಕ್ಕೆ ಮಾತ್ರ ಬಾಟಲಿಗೆ 1 ಯುರೋ 2 ಸೆಂಟ್ ಸುಂಕ ಇದೆ. ಅದರ ಕಥೆ ತಮಾಷೆಯದು. 1902ರಲ್ಲಿ ಕೈಸರ್ ಚಕ್ರವರ್ತಿಗೆ ನೌಕಾಪಡೆ ಕಟ್ಟಲು ದುಡ್ಡು ಬೇಕಿತ್ತು, ಸೆಕ್ಟ್ ಮೇಲೆ ತೆರಿಗೆ ಹಾಕಿದರು. ಆ ಚಕ್ರವರ್ತಿ ಹೋದ, ಆ ಹಡಗುಗಳೂ ಮುಳುಗಿ ಹೋದವು. ತೆರಿಗೆ ಮಾತ್ರ, ನಡುವೆ ಕೆಲವು ವರ್ಷ ಬಿಟ್ಟರೆ, ಇವತ್ತಿಗೂ ಇದೆ. ಸರ್ಕಾರಗಳು ಎಲ್ಲ ಕಡೆ ಒಂದೇ, ಅಲ್ವಾ?

ಆದರೆ ನಾನು ಬರೆಯಲು ಕೂತದ್ದು ಸೂಪರ್‌ಮಾರ್ಕೆಟ್ ವೈನಿನ ಬಗ್ಗೆ ಅಲ್ಲ, ಬೇಝೆನ್ ಬಗ್ಗೆ. ಬೇಝೆನ್ ಅಂದರೆ ಪೊರಕೆ. ದ್ರಾಕ್ಷಿ ಬೆಳೆಯುವ ರೈತ ತನ್ನ ಮನೆಯ ಮುಂದೆ ಒಂದು ಕಡ್ಡಿ ಪೊರಕೆ ನೇತುಹಾಕಿದ ಅಂದರೆ, ಒಳಗೆ ಬನ್ನಿ, ನಮ್ಮ ವೈನ್ ಇದೆ, ತಿನ್ನಲೂ ಏನಾದರೂ ಇದೆ ಅಂತ ಅರ್ಥ. ಪೊರಕೆ ತೆಗೆದರೆ ಬಾಗಿಲು ಮುಚ್ಚಿದೆ. ಇಷ್ಟು ವರ್ಷ ಹೋಟೆಲಿನ ಲೈಸೆನ್ಸ್ ಇವರಿಗೆ ಬೇಕಿರಲಿಲ್ಲ. ಅದಕ್ಕೆ ಬದಲು ಕಟ್ಟುಪಾಡುಗಳಿದ್ದವು. ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಜಾಸ್ತಿ ತೆರೆಯುವ ಹಾಗಿರಲಿಲ್ಲ, 40 ಜನಕ್ಕಿಂತ ಹೆಚ್ಚು ಕೂರಿಸುವ ಹಾಗಿರಲಿಲ್ಲ, ತಾವೇ ಮಾಡಿದ ವೈನನ್ನೇ ಕೊಡಬೇಕಿತ್ತು, ಊಟ ಸರಳವಾಗಿರಬೇಕಿತ್ತು. ಹೀಗಾಗಿ ಬೇಝೆನ್ ಅನ್ನುವುದು ಕೆಲವೊಮ್ಮೆ ರೈತನ ನಡುಮನೆ, ಕೆಲವೊಮ್ಮೆ ಹಳೇ ಕೊಟ್ಟಿಗೆ, ಕೆಲವೊಮ್ಮೆ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡು.

ಅತ್ತೆ ಮಾವ ತುಮಕೂರಿನಿಂದ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋದೆವು. ಎಸ್1 ರೈಲು ಹಿಡಿದು ಓಬರ್‌ಟ್ಯುರ್ಕ್‌ಹೈಮ್‌ನಲ್ಲಿ ಇಳಿದರೆ ಉಲ್‌ಬಾಖ್ ಅನ್ನುವ ಹಳ್ಳಿ ಹತ್ತಿರ. ಹಳ್ಳಿ ಅಂದರೂ ಅದು ಸ್ಟುಟ್‌ಗಾರ್ಟಿನ ಒಳಗೇ ಇದೆ. ಮೂರು ಕಡೆ ದ್ರಾಕ್ಷಿ ಗುಡ್ಡ, ನಡುವೆ ಚರ್ಚಿನ ಗೋಪುರ. ಕಾರಿನಲ್ಲಿ ಹೋಗಲಿಲ್ಲ. ಇಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಸಾವಿರಕ್ಕೆ 0.5, ಹೊಸದಾಗಿ ಲೈಸೆನ್ಸ್ ತೆಗೆದವರಿಗೆ ಸೊನ್ನೆ. ಸುಮ್ನೆ ಯಾಕೆ ತಲೆನೋವು ಅಂತ ಈ ವಿಷಯದಲ್ಲಿ ಎಲ್ಲರೂ ರೈಲನ್ನೇ ನಂಬುತ್ತಾರೆ.

ಬೇಝೆನ್‌ನಲ್ಲಿ ನಿಮಗೇ ಅಂತ ಬೇರೆ ಟೇಬಲ್ ಇರುವುದಿಲ್ಲ. ಉದ್ದನೆಯ ಬೆಂಚು, ಜಾಗ ಇದ್ದ ಕಡೆ ಸರಿದು ಕೂರಬೇಕು. ಅತ್ತೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಇಬ್ಬರು ಅಜ್ಜಂದಿರ ಮಧ್ಯೆ ಕೂತರು. ಭಾಷೆ ಬರುವುದಿಲ್ಲ, ಆದರೂ ಅರ್ಧ ಗಂಟೆಯೊಳಗೆ ಒಬ್ಬ ಅಜ್ಜ ಮೊಬೈಲ್ ತೆಗೆದು ಮೊಮ್ಮಕ್ಕಳ ಫೋಟೋ ತೋರಿಸುತ್ತಿದ್ದ. ನಮ್ಮ ಕನ್ನಡದ ಗೆಳೆಯರ ಎರಡು ಸಂಸಾರವೂ ಜೊತೆಗಿತ್ತು. ಮಕ್ಕಳಿಗೆ ಅದೇ ತೋಟದ ದ್ರಾಕ್ಷಿ ರಸ ಬಂತು. ಕುಡಿಯದವರಿಗೂ ಅದೇ. ಯಾರೂ ಯಾಕೆ ಕುಡಿಯಲ್ಲ ಅಂತ ಕೇಳಲಿಲ್ಲ.

ವೈನ್ ಬಂದದ್ದು ಉದ್ದ ಕಾಲಿನ ನಾಜೂಕು ಗ್ಲಾಸಿನಲ್ಲಿ ಅಲ್ಲ. ಹಿಡಿ ಇರುವ ದಪ್ಪ ಗಾಜಿನ ಲೋಟದಲ್ಲಿ, ಕಾಲು ಲೀಟರ್. ಇದಕ್ಕೆ ಇಲ್ಲಿಯವರು ಫೀರ್ಟೆಲೆ ಅನ್ನುತ್ತಾರೆ. ಒಳಗೆ ಟ್ರೋಲಿಂಗರ್. ತಿಳಿ ಕೆಂಪು, ಲೋಟದ ಆಚೆ ಕೂತವರ ಬೆರಳು ಕಾಣುವಷ್ಟು ತೆಳು. ಜರ್ಮನಿಯಲ್ಲಿ ಈ ದ್ರಾಕ್ಷಿ ಬೆಳೆಯುವುದು ಹೆಚ್ಚುಕಡಿಮೆ ಈ ಸೀಮೆಯಲ್ಲಿ ಮಾತ್ರ. ಹೊರಗಿನ ವೈನ್ ಪಂಡಿತರು ಇದನ್ನು ನೋಡಿ ಮೂಗು ಮುರಿಯುತ್ತಾರೆ, ಇಲ್ಲಿಯ ಜನ ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ನನ್ನ ಓಟು ಇಲ್ಲಿಯವರಿಗೇ. ಊಟದ ಜೊತೆ, ಮಾತಿನ ಜೊತೆ ಕುಡಿಯುವುದಕ್ಕೆ ಇದಕ್ಕಿಂತ ಹಗುರವಾದ ಕೆಂಪು ವೈನ್ ನಾನು ನೋಡಿಲ್ಲ.

ಮಾವ ಒಂದು ಗುಟುಕು ಕುಡಿದು, "ಇದರಲ್ಲಿ ಕಿಕ್ಕೇ ಇಲ್ವಲ್ಲಮ್ಮ" ಅಂದರು. ಶನಿವಾರ ರಾತ್ರಿ ಒಂದು ಪೆಗ್ ಹಾಕುವ ಅಭ್ಯಾಸ ಅವರಿಗೆ, ಅದೂ ಹಿಂದಿನ ರೂಮಿನಲ್ಲಿ, ಬಾಗಿಲು ಮುಂದೆ ಮಾಡಿಕೊಂಡು. ಸೊಸೆಯ ಎದುರು ಕೂತು ಕುಡಿದದ್ದು ಅದೇ ಮೊದಲು. ಎರಡನೇ ಲೋಟ ಕೇಳಬೇಕೋ ಬೇಡವೋ ಅಂತ ಅತ್ತೆಯ ಮುಖ ನೋಡುತ್ತಿದ್ದರು. ಅತ್ತೆಗೆ ಬೇರೆ ಚಿಂತೆ. "ಇದನ್ನ ತಿಳಿ ಮಾಡೋಕೆ ಏನು ಹಾಕ್ತಾರೆ, ಕೇಳು" ಅಂದರು. ಎಲ್ಲಿ ಕೇಳಿದ್ದರೋ ಏನೋ, ಅವರ ಅನುಮಾನ ಸರಿಯಾಗಿಯೇ ಇತ್ತು. ವೈನ್ ತಿಳಿಯಾಗಲು ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನ ಗಾಳಿಚೀಲದ ಅಂಟು ಇವನ್ನೆಲ್ಲ ಬಳಸುವುದು ಹಳೇ ರೂಢಿ. ಬೆಂಟೊನೈಟ್ ಅನ್ನುವ ಜೇಡಿಮಣ್ಣಿನಿಂದಲೂ ಆಗುತ್ತದೆ, ಬಟಾಣಿಯ ಪ್ರೋಟೀನಿನಿಂದಲೂ ಆಗುತ್ತದೆ. ಮನೆಯ ಯಜಮಾನಿಯನ್ನು ಕರೆದು ಕೇಳಿದೆ. "ನಮ್ಮದು ಮಣ್ಣು" ಅಂದಳು. ಅಂಗಡಿಯಲ್ಲಾದರೆ ಬಾಟಲಿಯ ಹಿಂದೆ ವೀಗನ್ ಅಂತ ಬರೆದಿದೆಯಾ ನೋಡಿದರೆ ಸಾಕು.

ವೈನಿಗಿಂತ ಕಷ್ಟ ಆದದ್ದು ತಿಂಡಿ. ಮೇಲೆ ಈರುಳ್ಳಿ ತುಂಬಿ ಓವನ್ನಿನಲ್ಲಿ ಬೇಯಿಸಿದ ದಪ್ಪ ರೊಟ್ಟಿಯಂತಹ ತ್ಸ್ವೀಬೆಲ್‌ಕೂಖನ್ ನೋಡಿದರೆ ಬಾಯಲ್ಲಿ ನೀರು ಬರುತ್ತದೆ, ಆದರೆ ಸಾಮಾನ್ಯವಾಗಿ ಅದರಲ್ಲಿ ಹಂದಿ ಮಾಂಸದ ಚೂರುಗಳಿರುತ್ತವೆ. ಮೌಲ್‌ಟಾಶನ್ ಅನ್ನುವ ಕಡುಬಿನ ಒಳಗೂ ಸಾಮಾನ್ಯವಾಗಿ ಮಾಂಸ. ಸಸ್ಯಾಹಾರಿಗಳಿಗೆ ಗ್ಯಾರಂಟಿ ಅಂದರೆ ಕೇಸ್‌ಶ್ಪೆಟ್ಸ್‌ಲೆ, ಚೀಸ್ ಸುರಿದ ಶ್ಯಾವಿಗೆ ತರಹದ್ದು, ಅದರಲ್ಲೂ ಮೊಟ್ಟೆ ಇರುತ್ತದೆ. ಕೊನೆಗೆ ಅತ್ತೆ ಬ್ರೆಡ್ಡು, ಚೀಸು, ಆಲೂಗಡ್ಡೆ ಸಲಾಡಿನಲ್ಲೇ ಮುಗಿಸಿದರು. ಅವರು ವೈನ್ ಕುಡಿದರಾ ಅಂತ ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಮಾವನ ಲೋಟದಿಂದ ಎರಡು ಚಮಚದಷ್ಟು ಕುಡಿದರು. "ನಮ್ಮ ಪಕ್ಕದ ಮನೆ ಆಂಟಿ ಕ್ರಿಸ್ಮಸ್ಸಿಗೆ ಮಾಡ್ತಿದ್ರಲ್ಲ, ಅದೇ ಚೆನ್ನಾಗಿರ್ತಿತ್ತು" ಅಂತ ತೀರ್ಪು ಕೊಟ್ಟರು. ಆ ಆಂಟಿಯ ವೈನು ನನಗೂ ಗೊತ್ತು. ಬೆಂಗಳೂರು ಬ್ಲೂ ದ್ರಾಕ್ಷಿ, ಕೈ ತುಂಬ ಸಕ್ಕರೆ, ಯೀಸ್ಟು, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ ಎಲ್ಲ ಭರಣಿಗೆ ತುಂಬಿ ಬಟ್ಟೆ ಕಟ್ಟಿಡುತ್ತಿದ್ದರು. ಆ ಸಿಹಿಯ ಮುಂದೆ ಟ್ರೋಲಿಂಗರ್ ಹುಳಿ ಅನ್ನಿಸುವುದು ಸಹಜವೇ.

ಅದಕ್ಕೇ ಮುಂದಿನ ಭಾನುವಾರ ಮನೆಯಲ್ಲಿ ಬಿಸಿಬೇಳೆ ಬಾತ್ ಮಾಡಿ, ಜೊತೆಗೆ ರೀಸ್ಲಿಂಗ್ ಕಾಬಿನೆಟ್, ಅಂದರೆ ರೀಸ್ಲಿಂಗ್ ದ್ರಾಕ್ಷಿಯ ಹಗುರವಾದ ಬಿಳಿ ವೈನ್ ಇಟ್ಟೆ. ಖಾರದ ಊಟಕ್ಕೆ ಯಾವ ವೈನ್ ಅಂತ ಗೆಳೆಯರು ಕೇಳಿದರೆ ನನ್ನ ಉತ್ತರ ಇದೊಂದೇ. ಆಲ್ಕೋಹಾಲ್ ಹೆಚ್ಚಿದ್ದಷ್ಟೂ ಮೆಣಸಿನಕಾಯಿಯ ಉರಿ ಹೆಚ್ಚಾಗುತ್ತದೆ. ಒಗರು ಜಾಸ್ತಿ ಇರುವ ಕೆಂಪು ವೈನಾದರೆ ನಾಲಿಗೆ ಇನ್ನೂ ಉರಿಯುತ್ತದೆ. ಸ್ವಲ್ಪ ಸಿಹಿ ಉಳಿಸಿದ ಕಾಬಿನೆಟ್‌ನಲ್ಲಿ ಆಲ್ಕೋಹಾಲ್ 8ರಿಂದ 10 ಶೇಕಡ ಅಷ್ಟೇ, ಜೊತೆಗೆ ನಿಂಬೆಯಂತಹ ಹುಳಿ. ಫ್ರಿಜ್ಜಿನಿಂದ ತೆಗೆದು ತಣ್ಣಗೆ ಕೊಟ್ಟರೆ ಹುಣಿಸೆ, ಮೆಣಸಿನ ಜೊತೆ ಜಗಳ ಆಡುವುದಿಲ್ಲ. ಮುದ್ದೆ, ಮಟನ್ ಸಾರು ಮಾಡುವ ಗೆಳೆಯರ ಮನೆಯಲ್ಲಿ ಮಾತ್ರ ಲೆಂಬರ್ಗರ್. ಅದು ಇಲ್ಲಿಯ ಗಟ್ಟಿ ಕೆಂಪು, ಆಸ್ಟ್ರಿಯಾದವರು ಬ್ಲೌಫ್ರೆಂಕಿಶ್ ಅನ್ನುವ ದ್ರಾಕ್ಷಿ. ಸಾರಿಗೆ ಖಾರ ಕೊಂಚ ಕಮ್ಮಿ ಹಾಕಬೇಕು, ಅಷ್ಟೇ.

ಕೊಳ್ಳುವ ವಿಷಯಕ್ಕೆ ಬಂದರೆ, ಯುರೋಪಿಗೆ ಹೊಸದಾಗಿ ಬರುವ ಹುಡುಗರು ಎರಡು ತರಹ. ಒಂದು ಗುಂಪು ಎರಡೂವರೆ ಯುರೋ ಬಾಟಲಿ ತಂದು ವೈನೇ ಇಷ್ಟ ಆಗಲಿಲ್ಲ ಅನ್ನುತ್ತದೆ. ಇನ್ನೊಂದು ಗುಂಪು 25 ಯುರೋ ಕೊಟ್ಟು, ಇಷ್ಟ ಆಗದಿದ್ದರೂ ಇಷ್ಟ ಅನ್ನುತ್ತದೆ. ಲೆಕ್ಕ ಸುಲಭ. ಮೂರು ಯುರೋ ಬಾಟಲಿಯಲ್ಲಿ ಸುಮಾರು 48 ಸೆಂಟ್ ತೆರಿಗೆ. ಗಾಜು, ಮುಚ್ಚಳ, ಲೇಬಲ್, ಸಾಗಾಟ, ಅಂಗಡಿಯವನ ಲಾಭ ಕಳೆದರೆ ಒಳಗಿನ ವೈನಿಗೆ ಉಳಿಯುವುದು ಚಿಲ್ಲರೆ. ಏಳು ಯುರೋ ಕೊಟ್ಟರೂ ಗಾಜಿನ ಖರ್ಚು ಅಷ್ಟೇ ಇರುತ್ತದೆ. ಜಾಸ್ತಿ ಕೊಟ್ಟದ್ದರಲ್ಲಿ ಬಹುಪಾಲು ವೈನಿಗೇ ಹೋಗುತ್ತದೆ. ಆರರಿಂದ ಒಂಬತ್ತು ಯುರೋ ನಡುವೆ ನಿಂತರೆ ಸ್ನೇಹಿತರ ಮುಂದೆ ಇಡಲು ನಾಚಿಕೆ ಪಡಬೇಕಿಲ್ಲ. ಹತ್ತು ಜನ ಸೇರಿದರೆ ಲೀಟರ್ ಬಾಟಲಿಯ ಟ್ರೋಲಿಂಗರ್ ಇನ್ನೂ ವಾಸಿ. ತಿರುಪು ಮುಚ್ಚಳ ನೋಡಿ ಕೀಳು ಅಂದುಕೊಳ್ಳಬೇಡಿ, ಬೇಗ ಕುಡಿಯುವ ವೈನಿಗೆ ಅದೇ ಒಳ್ಳೆಯದು.

ಲೇಬಲ್ಲಿನಲ್ಲಿ ನಾನು ನೋಡುವುದು ಕೆಲವೇ ಮಾತು. ಟ್ರೋಕನ್ ಅಂದರೆ ಸಿಹಿ ಇಲ್ಲದ್ದು, ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ಹಾಲ್ಬ್‌ಟ್ರೋಕನ್ 18 ಗ್ರಾಂವರೆಗೆ. ಲೀಬ್ಲಿಖ್ ಇನ್ನೂ ಸಿಹಿ, 45ರವರೆಗೆ. ಊರಿನಿಂದ ಮೊದಲ ಸಲ ಬಂದವರಿಗೆ ನಡುವಿನದೇ ಸರಿ. ಗುಟ್ಸ್‌ಆಬ್‌ಫ್ಯುಲ್ಲುಂಗ್ ಅಥವಾ ಎರ್ತ್ಸೊಯ್‌ಗರ್‌ಆಬ್‌ಫ್ಯುಲ್ಲುಂಗ್ ಅಂತಿದ್ದರೆ ಬೆಳೆದವರೇ, ಇಲ್ಲವೇ ಅವರ ಸಹಕಾರ ಸಂಘವೇ ಬಾಟಲಿ ತುಂಬಿದ್ದಾರೆ. ಈ ಸಂಘಗಳು ನಮ್ಮ ಹಾಲಿನ ಸೊಸೈಟಿ ಇದ್ದ ಹಾಗೆ, ಸಣ್ಣ ಹಿಡುವಳಿಯವರೆಲ್ಲ ಹಣ್ಣು ತಂದು ಹಾಕುತ್ತಾರೆ. ಮರ್ಸಿಡಿಸ್ ಕಾರ್ಖಾನೆ ಇರುವ ಉಂಟರ್‌ಟ್ಯುರ್ಕ್‌ಹೈಮ್‌ನಲ್ಲೇ 1887ರ ಒಂದು ಸಂಘ ಇದೆ. ಹೋದರೆ ರುಚಿ ನೋಡಿ ಕೊಳ್ಳಬಹುದು.

ಅಗ್ಗದ ಹಿಂದೆ ಒಂದು ಕಿರಿಕಿರಿಯೂ ಇದೆ. ನೆಕಾರ್ ನದಿಯ ಪಕ್ಕದ ಗುಡ್ಡಗಳು ಎಷ್ಟು ಕಡಿದು ಅಂದರೆ, ಕಲ್ಲು ಜೋಡಿಸಿ ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದ್ದಾರೆ. ಅಲ್ಲಿ ಟ್ರ್ಯಾಕ್ಟರ್ ಏರುವುದಿಲ್ಲ. ಸವರುವುದು, ಕೊಯ್ಯುವುದು, ಬಿದ್ದ ಗೋಡೆ ಎತ್ತುವುದು ಎಲ್ಲ ಕೈಯಲ್ಲೇ. ಅದೇ ಟ್ರೋಲಿಂಗರನ್ನು ಬಯಲಿನ ಯಂತ್ರದ ವೈನಿನ ಬೆಲೆಗೆ ಮಾರಿದರೆ ಗಿಟ್ಟುವುದಿಲ್ಲ. ಮಕ್ಕಳು ಬೇರೆ ಕೆಲಸಕ್ಕೆ ಹೋಗುತ್ತಾರೆ, ತೋಟ ಪಾಳು ಬೀಳುತ್ತದೆ. ಆ ಬೇಝೆನ್ ಯಜಮಾನಿಯ ಕೈ ನೋಡಿದ್ದೇನೆ, ಬೆರಳ ಸಂದಿಯಲ್ಲಿ ದ್ರಾಕ್ಷಿಯ ಕಪ್ಪು ಹಾಗೇ ನಿಂತಿತ್ತು. ಅವಳ ಮಗ ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದು ಟೇಬಲ್ ಒರೆಸುತ್ತಿದ್ದ. ಅಂಥವರ ಬಾಟಲಿಗೆ ಎರಡು ಯುರೋ ಜಾಸ್ತಿ ಇದ್ದರೆ ನಾನು ಚೌಕಾಸಿ ಮಾಡಲು ಹೋಗುವುದಿಲ್ಲ. ಬೇಝೆನ್‌ಗೆ ಹೋಗುವುದರಲ್ಲಿ ಇದೂ ಒಂದು ಲಾಭ, ನಡುವೆ ಯಾರೂ ತಿನ್ನುವುದಿಲ್ಲ. ನಮಗೂ ಕಮ್ಮಿ, ಅವರಿಗೂ ಪೂರ್ತಿ.

ಯಾವಾಗ ಬರಬೇಕು ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಆಗ ಹೊಸ ವೈನ್ ಸಿಗುತ್ತದೆ, ಇನ್ನೂ ಹುದುಗುತ್ತಲೇ ಇರುವ ಮಬ್ಬು ರಸ. ಬಾಟಲಿಯ ಬಾಯಿ ಬಿಗಿಯಾಗಿ ಮುಚ್ಚಿರುವುದಿಲ್ಲ, ಗಾಳಿ ಹೋಗಲು ಬಿಟ್ಟಿರುತ್ತಾರೆ. ಬ್ಯಾಗಿನಲ್ಲಿ ಅಡ್ಡ ಮಲಗಿಸಿದರೆ ಬಟ್ಟೆಯೆಲ್ಲ ವೈನ್. ಇದು ಊರಿಗೆ ಒಯ್ಯುವ ಸಾಮಾನಲ್ಲ, ಇಲ್ಲೇ ಕುಡಿದು ಮುಗಿಸಬೇಕು.

ಊರಿಗೆ ಒಯ್ಯಲು ಒಬ್ಬರಿಗೆ ಎರಡು ಲೀಟರ್‌ವರೆಗೆ ಸುಂಕ ಇಲ್ಲ. ಅಂದರೆ ಮುಕ್ಕಾಲು ಲೀಟರಿನ ಎರಡು ಬಾಟಲಿ ಆರಾಮಾಗಿ ಹೋಗುತ್ತದೆ. ಕ್ಯಾಬಿನ್ ಬ್ಯಾಗಿನಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ, ಸೂಟ್‌ಕೇಸಿನಲ್ಲಿ ಟವೆಲ್ ಸುತ್ತಿ ನಡುವೆ ಇಡಬೇಕು. ಮಾವ ಹೋಗುವಾಗ ಒಂದು ರೀಸ್ಲಿಂಗ್, ಒಂದು ಟ್ರೋಲಿಂಗರ್ ಕೇಳಿ ಕಟ್ಟಿಸಿಕೊಂಡರು. ಕಿಕ್ಕಿಲ್ಲ ಅಂದವರೇ! ತುಮಕೂರಿನಲ್ಲಿ ಈ ಸಲ ಹಿಂದಿನ ರೂಮಿಗೆ ಹೋಗದೆ ಊಟದ ಟೇಬಲ್ಲಿನ ಮೇಲೇ ಇಟ್ಟರಂತೆ. ಚಿಕ್ಕಮಾವ ಸ್ಟೀಲ್ ಲೋಟಕ್ಕೆ ಹಾಕಿಕೊಂಡು ಮೇಲೆ ನಾಲ್ಕು ತುಂಡು ಐಸ್ ಹಾಕಿದರು ಅಂತ ಅತ್ತೆ ಫೋನಿನಲ್ಲಿ ದೂರು ಹೇಳಿದರು. ಹಾಕಿಕೊಳ್ಳಲಿ ಬಿಡಿ ಅತ್ತೆ ಅಂದೆ. ಏಪ್ರಿಲ್ ಬಿಸಿಲಿನಲ್ಲಿ ಇಲ್ಲಿಯವರಾದರೂ ಅದನ್ನೇ ಮಾಡುತ್ತಿದ್ದರು, ಸೋಡಾ ಬೇರೆ ಸೇರಿಸಿ.