ಆಟದ ಪೆಟ್ಟಿಗೆ: ಒಂದೇ ಎರರ್, ಎರಡು ಕಾರಣ

ಬ್ರಹ್ಮಾವರದ ಮನೆಯ ಗೋಡೆಯಲ್ಲಿರುವ ಪೆಟ್ಟಿಗೆ ಹನ್ನೆರಡು ದಿನದಿಂದ ನಿಲ್ಲದೆ ಓಡುತ್ತಿದೆ. ಖುಷಿಯಾಗಿದೆ. ಎಲ್ಲಿ ತಪ್ಪಿತ್ತು ಅನ್ನುವುದನ್ನು ಮರೆಯುವ ಮೊದಲು ಬರೆದಿಡುತ್ತೇನೆ.

ಹಿಂದಿನದ್ದು ಓದದವರಿಗೆ: ಚಿಕ್ಕಪ್ಪ ಒಂದು ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು. ಇವತ್ತು ಆಟ ಎಲ್ಲಿ, ಕಾಲಮಿತಿಯೋ ಇಡೀ ರಾತ್ರಿಯೋ ಅನ್ನುವುದನ್ನೆಲ್ಲ ಅವರ ಮಗ ಗೂಗಲ್ ಕ್ಯಾಲೆಂಡರಿಗೆ ಹಾಕುತ್ತಾನೆ, ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಅದನ್ನು ಎಪಿಐ (ಪ್ರೋಗ್ರಾಮುಗಳು ಗೂಗಲಿನಿಂದ ಮಾಹಿತಿ ಕೇಳುವ ದಾರಿ) ಮೂಲಕ ಓದಿ ಸಣ್ಣ ಸ್ಕ್ರೀನಿನಲ್ಲಿ ತೋರಿಸುತ್ತದೆ. ಕಾಲಮಿತಿಯಾದರೆ ಚಿಕ್ಕಪ್ಪ ನಡುರಾತ್ರಿ ಬರುತ್ತಾರೆ, ಇಲ್ಲದಿದ್ದರೆ ಬೆಳಿಗ್ಗೆ. ಚಿಕ್ಕಮ್ಮ ಊಟ ಎತ್ತಿಡುವುದು ಇದನ್ನು ನೋಡಿಯೇ.

ಆದರೆ ಪ್ರತಿ ವಾರ ಇದು ಸಾಯುತ್ತಿತ್ತು. ನಾನು ಭಾನುವಾರ ಮಂಗಳೂರಿನಿಂದ ಹೋಗಿ ಲಾಗಿನ್ ಮಾಡಿ ಬರುವುದು, ಮುಂದಿನ ಭಾನುವಾರ ಚಿಕ್ಕಮ್ಮನ ಫೋನು: "ಮಾಣಿ, ನಿನ್ನ ಪೆಟ್ಟಿಗೆ ಮತ್ತೆ ಮಾತಾಡುದಿಲ್ಲ." ಲಾಗ್ (ಪೆಟ್ಟಿಗೆ ತಾನೇ ಬರೆದಿಡುವ ದಾಖಲೆ) ತೆರೆದರೆ ಪ್ರತಿ ಸಲವೂ 'ಇನ್‌ವ್ಯಾಲಿಡ್ ಗ್ರಾಂಟ್'. ಅಂದರೆ ಪೆಟ್ಟಿಗೆ ತೋರಿಸಿದ ಅನುಮತಿಯನ್ನು ಗೂಗಲ್ ಒಪ್ಪುತ್ತಿಲ್ಲ. ಕ್ಯಾಲೆಂಡರ್ ಓದಲು ಗೂಗಲ್ ಕೊಡುವ ತಾತ್ಕಾಲಿಕ ಪಾಸು, ಅಂದರೆ ಆಕ್ಸೆಸ್ ಟೋಕನ್, 3600 ಸೆಕೆಂಡಿಗೆ (ಒಂದು ಗಂಟೆ) ಮುಗಿಯುತ್ತದೆ, ಅದು ಗೊತ್ತಿತ್ತು, ಹಾಗಾಗಿ ಎರಡು ವಾರ ಅದನ್ನೇ ಹಿಡಿದು ಕೂತೆ. ಆದರೆ ಅದೇ ಕಾರಣವಾಗಿದ್ದರೆ ಒಂದು ಗಂಟೆಗೇ ನಿಲ್ಲಬೇಕಿತ್ತು ಅಲ್ವಾ? ಇದು ಸರಿಯಾಗಿ ಏಳು ದಿನ. ಗೂಗಲಿನಲ್ಲಿ ಮಾಡಿದ ಪ್ರಾಜೆಕ್ಟಿನ ಕನ್ಸೆಂಟ್ ಸ್ಕ್ರೀನ್ (ಅನುಮತಿ ಕೇಳುವ ಪುಟ) ಎಕ್ಸ್‌ಟರ್ನಲ್ (ಹೊರಗಿನವರಿಗೂ ತೆರೆದದ್ದು) ಆಗಿದ್ದು, ಸ್ಟೇಟಸ್ 'ಟೆಸ್ಟಿಂಗ್' ಅಂತಲೇ ಉಳಿದಿದ್ದರೆ ಹೊಸ ಆಕ್ಸೆಸ್ ಟೋಕನ್ ತರಿಸಿಕೊಡುವ ಕ್ಯಾಲೆಂಡರಿನ ರಿಫ್ರೆಶ್ ಟೋಕನ್ ಏಳೇ ದಿನಕ್ಕೆ ಹೋಗುತ್ತದೆ. ನಾನು ಆ ಸ್ಟೇಟಸ್ ಮುಟ್ಟಿಯೇ ಇರಲಿಲ್ಲ.

ಅದನ್ನು 'ಪ್ರೊಡಕ್ಷನ್'ಗೆ ಹಾಕಿ ಮತ್ತೊಮ್ಮೆ ಲಾಗಿನ್ ಮಾಡಿದರೂ ಆಗುತ್ತಿತ್ತು. ಆದರೆ ನಾಳೆ ಬೇರೆ ಏನಾದರೂ ಆಗಿ ಟೋಕನ್ ಹೋದರೆ ಚಿಕ್ಕಮ್ಮ ಬ್ರೌಸರ್ ತೆರೆದು 'ಅಲೌ' ಒತ್ತುತ್ತಾ ಕೂರಬೇಕಾ? ಹಾಗಾಗಿ ಸರ್ವಿಸ್ ಅಕೌಂಟ್, ಅಂದರೆ ಮನುಷ್ಯರ ಬದಲು ಪ್ರೋಗ್ರಾಮೇ ಲಾಗಿನ್ ಆಗುವ ಖಾತೆ, ಮಾಡಿದೆ. ಅದಕ್ಕೆ ಅದರದ್ದೇ ಒಂದು ಉದ್ದದ ಇಮೇಲ್ ಇರುತ್ತದೆ, ಕ್ಯಾಲೆಂಡರನ್ನು ಆ ಇಮೇಲಿಗೆ ಶೇರ್ ಮಾಡಬೇಕು, ಇಲ್ಲದಿದ್ದರೆ 404 (ಸಿಗಲಿಲ್ಲ) ಅಂತ ಎರರ್ ಬರುತ್ತದೆ. ಇನ್ನೊಂದು, ಕ್ಯಾಲೆಂಡರ್ ಐಡಿ ಜಾಗದಲ್ಲಿ 'ಪ್ರೈಮರಿ' ಅಂತ ಹಾಗೇ ಬಿಟ್ಟರೆ ಎರರೇ ಬರುವುದಿಲ್ಲ, ಸುಮ್ನೆ ಖಾಲಿ ಪಟ್ಟಿ ಬರುತ್ತದೆ, ಯಾಕೆಂದರೆ ಅದು ಆ ಅಕೌಂಟಿನ ಸ್ವಂತ ಕ್ಯಾಲೆಂಡರ್. ಇದಕ್ಕೆ ಒಂದು ಸಂಜೆ ಪೂರ್ತಿ ಹೋಯಿತು.

ಒಂಬತ್ತು ದಿನ ಚೆನ್ನಾಗಿ ಓಡಿತು. ಹತ್ತನೆಯ ದಿನ ಗುಡುಗು ಮಳೆ, ರಾತ್ರಿಯಿಡೀ ಕರೆಂಟಿಲ್ಲ, ಬೆಳಿಗ್ಗೆ ಮತ್ತೆ ಅದೇ 'ಇನ್‌ವ್ಯಾಲಿಡ್ ಗ್ರಾಂಟ್'! ನಿಜವಾಗಿ ತಲೆ ಕೆಟ್ಟಿತು. ಎರರ್ ಒಂದೇ ಅಂತ ಕಾರಣವೂ ಒಂದೇ ಅಂದುಕೊಂಡು ಮತ್ತೆ ಟೋಕನ್ ಹಿಂದೆಯೇ ಬಿದ್ದೆ. ಆಮೇಲೆ ಪೂರ್ತಿ ಸಾಲು ಓದಿದಾಗ 'ಐಎಟಿ', 'ಇಎಕ್ಸ್‌ಪಿ' ನೋಡು ಅಂತ ಅಲ್ಲೇ ಬರೆದಿತ್ತು. ಒಂದು ಬರೆದ ಸಮಯ, ಇನ್ನೊಂದು ಮುಗಿಯುವ ಸಮಯ, ಅಂದರೆ ಸಮಯದ ತಕರಾರು. ಲಾಗಿನ ಸಾಲಿನಲ್ಲಿ ಗಂಟೆ ಹಿಂದಿನ ರಾತ್ರಿಯ 8:17. ಗೋಡೆ ಗಡಿಯಾರದಲ್ಲಿ ಆಗ ಬೆಳಗಿನ ಆರು ಹತ್ತಿರ.

ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟು ಹೋಗಿ ಬಂದರೆ ಕೊನೆಗೆ ಉಳಿಸಿಟ್ಟ ಸಮಯದಿಂದಲೇ ಎದ್ದು, ನೆಟ್ ಸಿಕ್ಕಿದ ಮೇಲೆ ಸರಿ ಮಾಡಿಕೊಳ್ಳುತ್ತದೆ. ಕ್ಯಾಲೆಂಡರ್ ಓದುವ ನನ್ನ ಸ್ಕ್ರಿಪ್ಟ್ ಅದಕ್ಕಿಂತ ಮೊದಲೇ ಓಡಿ, ಹಳೆಯ ಸಮಯ ಹಾಕಿ ಸಹಿ ಮಾಡಿದ ಜೆಡಬ್ಲ್ಯುಟಿ (ಟೋಕನ್ ಕೇಳುವ ಚೀಟಿ) ಕಳಿಸುತ್ತಿತ್ತು, ಒಂದು ಗಂಟೆಗಿಂತ ಹಳತಾದ್ದನ್ನು ಗೂಗಲ್ ತೆಗೆದುಕೊಳ್ಳುವುದಿಲ್ಲ. ಈಗ 'ಸಿಸ್ಟಂಡಿ-ಟೈಮ್-ವೇಟ್-ಸಿಂಕ್' ಆನ್ ಮಾಡಿ, ಸಮಯ ಸರಿಯಾದ ಮೇಲೆಯೇ ಸ್ಕ್ರಿಪ್ಟ್ ಶುರುವಾಗುವ ಹಾಗೆ ಮಾಡಿದ್ದೇನೆ. ಮೂರು ಸಲ ಪ್ಲಗ್ ಎಳೆದು, ಎರಡು ಗಂಟೆ ಬಿಟ್ಟು ಹಾಕಿ ನೋಡಿದೆ. ಮೂರೂ ಸಲ ಪಟ್ಟಿ ಬಂತು.

ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದರೆ ಮೇಳಗಳ ತಿರುಗಾಟ ಮುಗಿಯುತ್ತದೆ, ಅಷ್ಟರೊಳಗೆ ಇನ್ನೊಂದು ಕೆಲಸ ಬಾಕಿ. ನಿನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ಪೆಟ್ಟಿಗೆ ನಿಂತಿದೆ ಅಂತ ಅಲ್ಲ, ಊರಿನ ಹೆಸರು ಅಡುಗೆಮನೆಯಿಂದಲೇ ಕಾಣುವಷ್ಟು ದೊಡ್ಡದು ಮಾಡು ಅಂತ.