ಇಳುವರಿ ಅಂದರೆ ಯಾವ ಇಳುವರಿ?

ಕಬ್ಬು ಕಟಾವಿನ ದಿನ ಮಂಡ್ಯದ ಗದ್ದೆ ಬದುವಿನ ಮೇಲೆ ‘ಇಳುವರಿ ಎಂಗೈತೆ?’ ಅಂತ ಕೇಳಿ ನೋಡಿ, ‘ಎಕರೆಗೆ ನಲವತ್ತೈದು ಟನ್’ ಅನ್ನುತ್ತಾರೆ. ಅದೇ ಪ್ರಶ್ನೆಗೆ ಕಾರ್ಖಾನೆಯ ಲ್ಯಾಬಿನವರು ಕೊಡುವ ಉತ್ತರ ‘ಒಂಬತ್ತೂವರೆ’. ಬದುವಿನ ಮೇಲಿನದು ಯೀಲ್ಡ್, ಲ್ಯಾಬಿನದು ರಿಕವರಿ. ಕನ್ನಡದಲ್ಲಿ ಎರಡಕ್ಕೂ ಇಳುವರಿ ಅಂತಲೇ ಬರೆಯುವುದರಿಂದ ಬಿಲ್ ಕೈಗೆ ಬಂದಾಗ ಜಗಳ ಶುರು.

ಯೀಲ್ಡ್ ಎಕರೆಯ ಲೆಕ್ಕ, ತೂಕದ ಲೆಕ್ಕ. ರಿಕವರಿ ಅಂದರೆ 100 ಕೆಜಿ ಕಬ್ಬು ಅರೆದಾಗ ಚೀಲಕ್ಕೆ ಬಿದ್ದ ಸಕ್ಕರೆ ಎಷ್ಟು ಕೆಜಿ ಅನ್ನುವುದು. ಸಿಪ್ಪೆಯಲ್ಲಿ, ಮಡ್ಡಿಯಲ್ಲಿ, ಕಾಕಂಬಿಯಲ್ಲಿ ಉಳಿದುಹೋದ ಸಕ್ಕರೆ ಇದರಲ್ಲಿ ಸೇರುವುದಿಲ್ಲ. ಹಾಗಾಗಿ ಗಾಣ ಸರಿಯಿಲ್ಲದಿದ್ದರೂ ರಿಕವರಿ ಕುಸಿಯುತ್ತದೆ, ಅದಕ್ಕೆ ಕಬ್ಬನ್ನೇ ದೂರಬೇಕಿಲ್ಲ. ಇನ್ನೊಂದು ಮಾತು: ಇದು ಇಡೀ ಕಾರ್ಖಾನೆಯ ಸರಾಸರಿ, ನಿಮ್ಮ ಗದ್ದೆಯದಲ್ಲ. ಆಸ್ಟ್ರೇಲಿಯಾದಲ್ಲಿ ಪ್ರತಿ ರೈತನ ಕಬ್ಬಿನ ಸಿಹಿ ಅಳೆದು ಹಣ ಕೊಡುತ್ತಾರೆ. ನಮ್ಮಲ್ಲಿ ಚೆನ್ನಾಗಿ ಮಾಗಿದ ಕಬ್ಬಿಗೂ ಎಳೆಯದಕ್ಕೂ ಒಂದೇ ದರ. ಇದು ಅನ್ಯಾಯವೇ ಸರಿ.

ದರದ ಲೆಕ್ಕ ಹೀಗೆ. 2025-26ರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕೆಂದು ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ದರ, ಶೇ. 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು, ಕಡಿಮೆಯಾದರೆ ಅಷ್ಟೇ ಕಡಿತ. 9.5 ಅಥವಾ ಅದಕ್ಕಿಂತ ಕೆಳಗಿದ್ದರೆ 329.05ಕ್ಕೆ ನಿಲ್ಲುತ್ತದೆ. 10.25ಕ್ಕೂ 9.5ಕ್ಕೂ ಟನ್ನಿಗೆ 259 ರೂಪಾಯಿ 50 ಪೈಸೆ ವ್ಯತ್ಯಾಸ. 45 ಟನ್‌ಗೆ ಅದು ಹನ್ನೊಂದು ಸಾವಿರ ದಾಟುತ್ತದೆ.

ರೈತನ ಕೈಯಲ್ಲಿರುವುದು ಕಟಾವಿನ ಹಿಂದುಮುಂದಿನ ಕೆಲಸ. ಕೊಯ್ಯುವ 10-15 ದಿನ ಮುಂಚೆ ನೀರು ನಿಲ್ಲಿಸಬೇಕು. ಕೊನೆಗಾಲದಲ್ಲಿ ಯೂರಿಯಾ ಎರಚಿದರೆ ಗದ್ದೆ ಹಸಿರಾಗುತ್ತದೆ, ತೂಕವೂ ಬರಬಹುದು, ಸಿಹಿ ಮಾತ್ರ ಇಳಿಯುತ್ತದೆ. ಕತ್ತಿ ನೆಲಕ್ಕೆ ತಾಗುವ ಹಾಗೆ ಕಡಿಯಬೇಕು, ಸಕ್ಕರೆ ಹೆಚ್ಚಿರುವುದು ಬುಡದ ಗೆಣ್ಣುಗಳಲ್ಲಿ. ತುದಿಯ ಎಳೆ ಗೆಣ್ಣು, ತರಗು ಲೋಡಿಗೆ ಹೋಗಬಾರದು. ಆಳುಗಳು ಅವಸರಕ್ಕೆ ಬಿದ್ದರೆ ನಾಲ್ಕು ಬೆರಳು ಕೂಳೆ ಬಿಟ್ಟು ಕಡಿಯುತ್ತಾರೆ, ಆಗ ಯೀಲ್ಡೂ ಹೋಯಿತು, ರಿಕವರಿಯೂ ಹೋಯಿತು.

ಕಬ್ಬು ಮಾಗಿದೆಯಾ ಅಂತ ನೋಡಲು ಕೈ ರಿಫ್ರಾಕ್ಟೋಮೀಟರ್ ಇದೆ. ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಬ್ರಿಕ್ಸ್ ಕಾಣುತ್ತದೆ. ಬುಡ, ನಡು, ತುದಿ, ಮೂರೂ ಕಡೆ ನೋಡಿ. ತುದಿಗೂ ಬುಡಕ್ಕೂ ಅಂತರ ಕಡಿಮೆಯಾದಷ್ಟೂ ಮಾಗಿದೆ ಅಂತ. ಇಲ್ಲೂ ಒಂದು ಜೋಡಿ ಪದದ ಗೊಂದಲವಿದೆ: ಬ್ರಿಕ್ಸ್ ಮತ್ತು ಪೋಲ್. ಬ್ರಿಕ್ಸ್ ರಸದಲ್ಲಿ ಕರಗಿರುವ ಎಲ್ಲವನ್ನೂ ಅಳೆಯುತ್ತದೆ. ಪೋಲ್ ಸುಕ್ರೋಸ್ ಎಷ್ಟಿದೆ ಅನ್ನುವುದನ್ನು ಹೇಳುತ್ತದೆ, ಹರಳುಗಟ್ಟುವುದು ಅದೇ. ಕಡಿದ ಕಬ್ಬು ಲಾರಿ ಸಿಗದೆ ಎರಡು ಮೂರು ದಿನ ಬಿಸಿಲಲ್ಲಿ ಬಿದ್ದರೆ ನೀರು ಆರಿ ಬ್ರಿಕ್ಸ್ ಏರಬಹುದು. ‘ಇಪ್ಪತ್ತೆರಡು ತೋರಿಸ್ತಿದೆ, ನೋಡಿ’ ಅಂತ ಹಿಗ್ಗಬೇಡಿ. ಒಳಗೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತಿರುತ್ತದೆ, ಅದು ಕೊನೆಗೆ ಸೇರುವುದು ಕಾಕಂಬಿಗೆ. ತೂಕವೂ ಇಳಿದಿರುತ್ತದೆ.

ಆಲೆಮನೆಯಲ್ಲಿ ಈ ತೊಡಕಿಲ್ಲ. ‘ಟನ್ನಿಗೆ ಎಷ್ಟು ಬೆಲ್ಲ?’ ಅಂತಲೇ ಕೇಳುತ್ತಾರೆ. 100 ಕೆಜಿ ಆಸುಪಾಸು ಬಂದರೆ ಸಮಾಧಾನ. ಒಣಗಿದ ಕಬ್ಬು ತಂದರೆ ಅಲ್ಲಿ ಲ್ಯಾಬೂ ಬೇಕಿಲ್ಲ, ಪಾಕ ಗಟ್ಟಿಯಾಗದೆ ಅಚ್ಚಿನಲ್ಲೇ ಮೆತ್ತಗೆ ಕೂರುತ್ತದೆ.